ದಿಬ್ಬದ ಬಿರುಕಿಗೆ ಬಿಟ್ಟ ನೀರು

ಆಗೆಲ್ಲ ಓಲ್ಡ್ ಬ್ರಿಡ್ಜ್ ಎಂಬ ಪರದೇಶದ ಊರಿನ ನಮ್ಮ ಮನೆಗೆ ಗಣೇಶನನ್ನು ಅಂಗಡಿಯಿಂದ ತರುತ್ತಿರಲಿಲ್ಲ, ನಾವೇ ಮಾಡುತ್ತಿದ್ದೆವು. ಹಿತ್ತಿಲಾಚೆ ತೊರೆಯ ಪಕ್ಕ ಆಳೆತ್ತರದ ದಿಬ್ಬವಿತ್ತು. ಅದರ ಬುಡದ ಬೂದು ಜೇಡಿಮಣ್ಣು ಅಗೆದು ತರುವುದು ನನ್ನ ಮತ್ತು ಪಕ್ಕದ ಮನೆಯ ಮೇಘನಾಳ ಕೆಲಸ. ಅಮ್ಮ ಕಡುಬಿನ ಹೂರಣಕ್ಕೆ ಕುಟ್ಟಿದ ಏಲಕ್ಕಿಯ ವಾಸನೆ ನಮ್ಮ ಕೈಯ ಹಸಿಮಣ್ಣಿನ ವಾಸನೆಯೊಂದಿಗೆ ಬೆರೆಯುತ್ತಿತ್ತು.

ಅಲ್ಲಿ ಹಬ್ಬ ಬರುವುದು ಬೇಸಿಗೆಯ ಕೊನೆಗೆ; ನಮಗೆ ಹತ್ತು ವರ್ಷವಾದ ಆ ಬೇಸಿಗೆಯಲ್ಲಿ ಮಳೆಯೇ ಬರಲಿಲ್ಲ. ದಿಬ್ಬದ ನೆತ್ತಿಯಲ್ಲಿ ಕೈ ತೂರುವಷ್ಟು ಬಿರುಕು. ಬುಡ ಕಲ್ಲಾಗಿತ್ತು. ಎರಡು ದಿನ ಕೆತ್ತಿದ್ದಕ್ಕೆ ಒಬ್ಬರು ಕೂರುವಷ್ಟು ಪೊಳ್ಳಾಯಿತು, ಅಷ್ಟೇ.

"ಮೇಲಿಂದ ನೀರು ಬಿಡೋಣ ಕಣೇ, ಉದ್ದಿನಬೇಳೆ ಥರ ನೆನೆಯುತ್ತೆ" ಎಂದೆ.

"ಯೂ ಆರ್ ಸೋ ಬಾಸಿ" ಎಂದು ಮೇಘನಾ ನನ್ನ ಯಜಮಾನಿಕೆಗೆ ನಕ್ಕಳು.

ಗಿಡಕ್ಕೆ ನೀರು ಬಿಡುವ ಹೋಸ್ ಎಳೆದು ತಂದು ಬಿರುಕಿಗೆ ಇಳಿಸಿದೆ. ಊಟ ಮುಗಿಸಿ ಬಂದಾಗಲೂ ಬಿರುಕು ನೀರು ಕುಡಿಯುತ್ತಲೇ ಇತ್ತು. ಮೇಘನಾ ಪೊಳ್ಳಿನೊಳಗೆ ಕೂತು ಕೆತ್ತಿದಳು. ಅವಳದು ಧಾರವಾಡದ ಮನೆಮಾತು.

"ಬೆಣ್ಣಿಹಂಗ ಬರ್ತದ ನೋಡು. ಇನ್ನೊಂದು ಬಕೆಟ್ ಬೇಕು, ನಿಮ್ಮ ಗಣಪ್ಪನ ಹೊಟ್ಟಿ ಭಾಳ ದೊಡ್ಡದು."

ಮೇಲೆ ನಿಂತಿದ್ದ ನನ್ನ ಕಣ್ಣೆದುರೇ ಬಿರುಕು ಅಗಲವಾಯಿತು. ಅಕ್ಕಿಮೂಟೆ ಜಾರಿದಷ್ಟೇ ಸದ್ದು. ದಿಬ್ಬದ ಮುಂಭಾಗ ಕುಸಿದು ಕೂತಿತು. ನಾನು ಕೂಗಲಿಲ್ಲ. ಕೂಗಲು ಸಮಯವಿತ್ತು. ಈಗಲೂ ಆ ಕ್ಷಣಗಳನ್ನು ಎಣಿಸಿ ನೋಡುತ್ತೇನೆ, ಇತ್ತು.

ಅವಳ ಚೀರು ಕೇಳಿ ಅವಳ ಅಪ್ಪ ಓಡಿಬಂದು ಬರಿಗೈಯಲ್ಲೇ ಬಗೆದರು. ಎದೆಯವರೆಗೆ ಮಣ್ಣು, ಮುಖ ಹೊರಗೆ. ಉಸಿರಿತ್ತು. ಎಡಗಾಲು ಮುರಿದಿತ್ತು.

"ನೀರು ಯಾರು ಬಿಟ್ಟೀರಿ?"

ಮೇಘನಾ ನನ್ನನ್ನೊಮ್ಮೆ ನೋಡಿದಳು. "ನಾನ, ಪಪ್ಪಾ."

ಆ ಸಂಜೆ ಅವಳ ಅಮ್ಮ ನಮ್ಮ ಬಾಗಿಲಿಗೆ ಬಂದರು. "ನಮ್ಮಾಕಿ ನಿಮ್ಮ ಮಗಳನ್ನೂ ಮಣ್ಣಾಗ ಹಾಕ್ತಿದ್ಲು. ತಪ್ಪಾತ್ರಿ." ನಮ್ಮಮ್ಮ ಕ್ಷಮಿಸಿದರು. ನಾನು ಬಾಗಿಲ ಹಿಂದೆ ನಿಂತು ಕೇಳಿಸಿಕೊಂಡೆ.

ಅವಳ ಕಾಲು ಕೂಡಿತು. ನಮ್ಮ ಮನೆಗೆ ಅವಳನ್ನು ಕಳಿಸುವುದು ಮಾತ್ರ ನಿಂತುಹೋಯಿತು. ಮುಂದೆ ಕಾಲೇಜಿನಲ್ಲಿ ಮಣ್ಣಿನ ಪಾಠ ಬಂತು: ಒಣಗಿದ ಜೇಡಿ ಕುಗ್ಗಿ ಬಿರಿಯುತ್ತದೆ, ಬಿರುಕಿನಲ್ಲಿ ತುಂಬಿದ ನೀರು ಮಣ್ಣನ್ನು ಹಿಂದಿನಿಂದ ತಳ್ಳುತ್ತದೆ, ನೆನೆದ ಮಣ್ಣು ಭಾರವಾಗಿ ಹಿಡಿತ ಬಿಡುತ್ತದೆ. ಬುಡವನ್ನಂತೂ ನಾವೇ ಕೊರೆದಿದ್ದೆವು. ಪರೀಕ್ಷೆಯಲ್ಲಿ ಎಲ್ಲವನ್ನೂ ಸರಿಯಾಗಿ ಬರೆದೆ.

ಹೋದ ವರ್ಷ ಫ್ಲಶಿಂಗ್‌ನ ಗಣೇಶ ದೇವಸ್ಥಾನದ ಕ್ಯಾಂಟೀನಿನಲ್ಲಿ ಮೇಘನಾ ಸಿಕ್ಕಳು. ನಕ್ಕು, ತನ್ನ ಮಗಳಿಗೆ ನನ್ನನ್ನು ತೋರಿಸಿದಳು: "ಅವರ್ ಓಲ್ಡ್ ನೈಬರ್." ಹಳೆಯ ನೆರೆಯವಳು; ಅದೇನೂ ಸುಳ್ಳಲ್ಲ. ದೋಸೆಯ ಸಾಲು ಮುಂದಕ್ಕೆ ಸರಿಯಿತು. ನೀರು ಬಿಟ್ಟವಳು ನಾನು ಎಂದು ಅವಳ ಅಪ್ಪ ಅಮ್ಮನಿಗೆ ಈಗಲಾದರೂ ಹೇಳಲೇ ಎಂದು ಕೇಳಬೇಕಿತ್ತು. ಕೇಳದೆ ನಾನೂ ಮುಂದೆ ಸರಿದೆ.