ಬೊಟ್ಟಿನ ಬೋರ್ಡು

ಕೋವಿಡ್ ಕಳೆದು ಆಫೀಸುಗಳು ಮತ್ತೆ ತೆರೆದ ವರ್ಷ ನಾನು ಮಹದೇವಪುರದ ಒಂದು ಟೆಕ್ ಪಾರ್ಕಿನಲ್ಲಿ ಹೌಸ್‌ಕೀಪಿಂಗ್ ಸೂಪರ್‌ವೈಸರ್ ಆಗಿದ್ದೆ. ಓದಿದ್ದು ಮೂರನೇ ಕ್ಲಾಸು. ಕೈಕೆಳಗೆ ಏಳು ಹೆಂಗಸರು, ಆಳಿಗೊಂದರಂತೆ ಏಳು ಫ್ಲೋರು.

"ಅಮ್ಮಾ, ಟೀಮ್‌ಗೆ ಮೋಟಿವೇಶನ್ ಬೇಕು, ಏನಾದ್ರೂ ಮಾಡಿ" ಎಂದರು ಮ್ಯಾನೇಜರು. ಹಾಗೆಂದರೆ ಕೆಲಸದವರಿಗೆ ಹುರುಪು ಹತ್ತಿಸುವುದು ಎಂದು ಅವರೇ ಬಿಡಿಸಿ ಹೇಳಿದರು. ನಾನು ಶಿವಾಜಿನಗರದಿಂದ ಸ್ಟಿಕ್ಕರ್ ಬೊಟ್ಟು ತಂದೆ. ಬೋರ್ಡಿನ ಮೇಲೆ ಏಳೂ ಜನರ ಫೋಟೊ ಅಂಟಿಸಿದೆ. ಫ್ಲೋರು ಚೊಕ್ಕವಿದ್ದರೆ ಸಂಜೆ ಫೋಟೊದ ಹಣೆಗೆ ಬೊಟ್ಟು, ಇಲ್ಲದಿದ್ದರೆ ಇದ್ದದ್ದನ್ನೂ ಕೀಳುವುದು.

"ಅಕ್ಕ, ನಂಗೆ ದೊಡ್ಡದು ಇಡಿ, ಫಿಲ್ಮ್ ಸ್ಟಾರ್ ಥರ" ಎಂದು ನಾಲ್ಕನೇ ಫ್ಲೋರಿನ ಸೆಲ್ವಿ ಹಲ್ಲು ಕಿರಿದಳು. ನೆಲ ಫಳಫಳ ಎಂದಿತು. ನಾನು ಬೀಗಿದೆ.

ಐದನೇ ಫ್ಲೋರಿನ ಶರಣಮ್ಮ ಯಾದಗಿರಿ ಕಡೆಯವಳು. ಕೋವಿಡ್‌ನಲ್ಲಿ ಗಂಡ ಹೋಗಿದ್ದ. ಅವಳ ನೆಲ ಮಾತ್ರ ಮೂರು ದಿನ ಒದ್ದೆಯಾಗೇ ಉಳಿಯಿತು. ನಾಲ್ಕನೆಯ ಬೆಳಿಗ್ಗೆ ಹಾಜರಿ ವೇಳೆ ಎಲ್ಲರೆದುರು ಅಂದೆ, "ಏನೇ ಶರಣಮ್ಮ, ಇನ್ನೂ ಬೋಳು ಹಣೆ. ನಾಚ್ಕೆ ಆಗಲ್ವಾ?"

ಯಾರೂ ನಗಲಿಲ್ಲ. ಅವಳು ಗಂಡ ಸತ್ತವಳೆಂದು ನನಗೆ ಗೊತ್ತಿತ್ತು. ನಾನೂ ಗಂಡ ಸತ್ತವಳೇ. ಬಾಯಿ ತಪ್ಪಿ ಬಂತೆಂದು ಈಗ ಹೇಳಿದರೆ ಸುಳ್ಳಾಗುತ್ತದೆ. ಚುಚ್ಚಬೇಕೆಂದೇ ಅಂದಿದ್ದೆ.

"ಆಗ್ತದರೀ," ಎಂದಳು ಶರಣಮ್ಮ, "ನಿಮ್ಮ ಕೈಕೆಳಗ ದುಡದೀನಿ ಅಂತ." ಏಪ್ರನ್ ಮಡಿಸಿ ಮೇಜಿನ ಮೇಲಿಟ್ಟು ಹೊರಟುಹೋದಳು.

ಆಮೇಲೆ ಸೆಲ್ವಿ ಬಾಯಿಬಿಟ್ಟಳು. "ಆ ಅಕ್ಕನ ಬಲಗೈ ಮಣಿಕಟ್ಟು ಮುರಿದಿತ್ತು, ನೆಲ ಒರೆಸೋ ಬಟ್ಟೆ ಹಿಂಡಕ್ಕಾಗಲ್ಲ. ನಾನು ಹಿಂಡ್ಕೊಡ್ತಿದ್ದೆ. ಅವ್ರು ಎತ್ತರ ಅಲ್ವಾ, ನನ್ ಫ್ಲೋರಿನ ಗಾಜು ಒರೆಸ್ತಿದ್ರು. ಬೋರ್ಡು ಬಂದ್ಮೇಲೆ ನಾನು ಅವ್ರ ಫ್ಲೋರಿಗೆ ಹೋಗ್ಲಿಲ್ಲ. ಹೋದ್ರೆ ನನ್ ಫ್ಲೋರಿನ ಕೆಲಸ ಬಾಕಿ ಉಳಿಯುತ್ತೆ, ನೀವು ನನ್ ಬೊಟ್ಟು ಕಿತ್ತಾಕ್ತೀರ."

ಸಂಜೆ ಬೈಯಪ್ಪನಹಳ್ಳಿಯ ಶರಣಮ್ಮನ ರೂಮಿಗೆ ಹೋದೆ. ಎಡಗೈಯಲ್ಲೇ ರೊಟ್ಟಿ ಬಡಿಯುತ್ತಿದ್ದಳು. "ತಪ್ಪಾಯ್ತು, ಕೆಲಸಕ್ಕೆ ಬಾ" ಎಂದೆ.

"ಆರು ಮಂದಿ ಮುಂದ ಅಂದಿದ್ದನ್ನ ಇಲ್ಲಿ ಬಾಗಿಲು ಹಾಕ್ಕೊಂಡು ಹೆಂಗ ವಾಪಸ್ ತಗೋತೀರಿ?" ಎಂದಳು. ಹೇಳಿ ನನಗೂ ಒಂದು ರೊಟ್ಟಿ ಹಾಕಿದಳು. ತಿಂದೆ.

ಮರುದಿನ ಆ ಆರು ಜನರ ಮುಂದೆ ತಪ್ಪೊಪ್ಪಿಕೊಂಡು ಬೋರ್ಡು ಇಳಿಸಿದೆ. ಕೇಳಬೇಕಾದವಳು ಅಲ್ಲಿರಲಿಲ್ಲ, ಮತ್ತೆ ಬರಲೂ ಇಲ್ಲ.

ನಾನು ಹತ್ತಿಸಲು ಹೋದ ಹುರುಪು ಅವರಲ್ಲಿ ಮೊದಲೇ ಇತ್ತು. ಒಬ್ಬಳ ಬಟ್ಟೆ ಇನ್ನೊಬ್ಬಳು ಹಿಂಡುವಾಗ ಅದು ಕಾಣುತ್ತಿತ್ತು, ನಾನು ನೆಲ ನೋಡುತ್ತಿದ್ದೆ. ಆಮೇಲೆ ಕೆಲಸ ಬಿಡುವವರೆಗೂ ಐದನೇ ಫ್ಲೋರಿನ ಬಟ್ಟೆ ನಾನೇ ಹಿಂಡಿದೆ. ಅದರಿಂದ ಶರಣಮ್ಮನಿಗೇನೂ ಉಪಯೋಗವಾಗಲಿಲ್ಲ.