ಕಬ್ಬಿಣದ ಸ್ಲೀಪರು, ನಿಮ್ಮ ತಾತನ ಕಿವಿ

ಮಕ್ಕಳೇ, ಈಗ ರೈಲು ಕಂಬಿಯ ಕೆಳಗೆ ಅಡ್ಡಡ್ಡಲಾಗಿ ಮಲಗಿರುವುದು ಸಿಮೆಂಟಿನ ದಿಮ್ಮಿಗಳು. ಅವುಗಳನ್ನು ಸ್ಲೀಪರು ಎನ್ನುತ್ತಾರೆಂದು ನಿಮಗೆ ಗೊತ್ತು. ನಾನು ಮದುವೆಯಾಗಿ ಮದ್ದೂರಿನ ಹತ್ತಿರದ ರೈಲ್ವೆ ಮನೆಗೆ ಬಂದದ್ದು ಎಪ್ಪತ್ತರ ದಶಕದ ಮೊದಲಲ್ಲಿ. ಆಗ ನಮ್ಮ ಮನೆ ಮುಂದಿನ ಹಾದಿಯಲ್ಲಿ ಇದ್ದವೆಲ್ಲ ಕಬ್ಬಿಣದ ಸ್ಲೀಪರುಗಳು. ಅವುಗಳ ದೆಸೆಯಿಂದ ನಿಮ್ಮ ತಾತನ ಕೆಲಸ ಉಳಿಯುತ್ತದೋ ಇಲ್ಲವೋ ಎನ್ನುವಂಥ ಒಂದು ಚಳಿಗಾಲ ನಮಗೆ ಬಂದಿತ್ತು. ಅದನ್ನು ಬಾಯಿಬಿಟ್ಟು ಹೇಳಲು ನನಗೆ ಈಗಲೂ ನಾಚಿಕೆ. ಬರೆಯುವಾಗ ಎದುರಿಗೆ ಯಾರೂ ಕೂತಿರುವುದಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ.

ನನ್ನ ತವರು ಮಳವಳ್ಳಿ ಕಡೆ, ಬಂಡೂರಿನ ಪಕ್ಕ. ಅಲ್ಲಿಗೆ ರೈಲಿಲ್ಲ. ಊರ ಶಾಲೆಯಲ್ಲಿ ನಾಲ್ಕನೇ ಕ್ಲಾಸು ಮುಗಿಸಿ ಕುರಿ ಕಾಯ್ದುಕೊಂಡಿದ್ದವಳು ನಾನು. ಇಂಜಿನ್ನನ್ನು ಮೊದಲು ನೋಡಿದ್ದೇ ಗಂಡನ ಮನೆಗೆ ಬಂದ ದಿನ. ಹೆದರಿ ಬಾಗಿಲ ಸಂದಿಗೆ ಸೇರಿಕೊಂಡಿದ್ದೆ.

ನಿಮ್ಮ ತಾತ ಕೀಮ್ಯಾನ್ ಆಗಿದ್ದರು. ಬೆಳಗಾದರೆ ಉದ್ದ ಹಿಡಿಯ ಸುತ್ತಿಗೆಯನ್ನು ಹೆಗಲ ಮೇಲಿಟ್ಟುಕೊಂಡು ತಮ್ಮ ಪಾಲಿನ ಕಂಬಿಯ ಉದ್ದಕ್ಕೂ ನಡೆಯುವುದು, ಒಂದು ಕಂಬಿ ನೋಡಿಕೊಂಡು ಹೋಗಿ ಇನ್ನೊಂದು ಕಂಬಿ ನೋಡಿಕೊಂಡು ವಾಪಸ್ಸು ಬರುವುದು, ಇದೇ ಅವರ ಕೆಲಸ. ಮದುವೆಯಾದ ಹೊಸತರಲ್ಲಿ ಏನು ಮಾತಾಡಬೇಕೆಂದು ಇಬ್ಬರಿಗೂ ತಿಳಿಯುತ್ತಿರಲಿಲ್ಲ. ಅವರು ಸ್ಲೀಪರಿನ ವಿಷಯ ಹೇಳುತ್ತಿದ್ದರು, ನಾನು ತಲೆ ತಗ್ಗಿಸಿಕೊಂಡು ಕೇಳುತ್ತಿದ್ದೆ. ಒಂದು ಸಂಜೆ ಹಿತ್ತಲಲ್ಲಿ ಬಿದ್ದಿದ್ದ ನಾಡಹೆಂಚೊಂದನ್ನು ಬೋರಲು ಹಾಕಿ ತೋರಿಸಿದರು.

"ನೋಡು, ಸಿಲೀಪ್ರು ಅಂದ್ರೆ ಇಂಗೇಯ. ಮ್ಯಾಲೆ ಬೆನ್ನು, ಒಳಗೆ ಟೊಳ್ಳು. ಟೊಳ್ಳೊಳಕ್ಕೆ ಜಲ್ಲಿ ತುಂಬ್ಕತದೆ. ಎಲ್ಡು ತುದೀನೂ ಕೆಳೀಕ್ಕೆ ಬಗ್ಸವ್ರೆ. ಅದ್ಕೇ ಎಂಥಾ ಗಾಡಿ ಓದ್ರೂ ಎತ್ಲಾಗೂ ಜರುಗಾಕಿಲ್ಲ."

"ಮರದ್ದು ಆಕಿದ್ರೆ ಆಯ್ತಿರ್ನಿಲ್ವಾ?" ಎಂದೆ.

"ಮರದ್ದಾದ್ರೆ ಗೆದ್ಲು ತಿಂದಾಕ್ಬುಡ್ತದೆ. ಕಬ್ಬುಣ ತಿನ್ನೋ ಗೆದ್ಲು ಇನ್ನೂ ಉಟ್ಟಿಲ್ಲ ಕಣಮ್ಮಿ."

ಕಂಬಿ ಕೂರುವ ಜಾಗದಲ್ಲಿ ಆ ಸ್ಲೀಪರಿನ ಮೈಯನ್ನೇ ಸೀಳಿ, ನಾಲಗೆ ಎತ್ತಿದ ಹಾಗೆ ಮೇಲಕ್ಕೆ ಬಗ್ಗಿಸಿರುತ್ತಿದ್ದರು. ಕಂಬಿಯ ಪಾದಕ್ಕೂ ಆ ನಾಲಗೆಗೂ ನಡುವೆ ಒಂದು ಉಕ್ಕಿನ ಬೆಣೆ. ರೈಲ್ವೆಯವರು ಅದನ್ನು ಕೀ ಎನ್ನುತ್ತಿದ್ದರು. ಗುದ್ದಲಿಯ ಕಾವಿಗೆ ಬಡಿಯುತ್ತಾರಲ್ಲ, ಅಂಥದ್ದೇ. ಒಂದು ತುದಿ ಸಣ್ಣ, ಇನ್ನೊಂದು ದಪ್ಪ. ಕಂಬಿ ನಿಂತಿರುವುದೇ ಆ ಬೆಣೆಯ ಬಿಗಿಯಲ್ಲಿ. ಇನ್ನೊಂದು ಸಂಗತಿ ನನಗೆ ಬಹಳ ಇಷ್ಟವಾಗಿತ್ತು. ಕಂಬಿ ಕೂರುವ ಜಾಗವನ್ನು ಒಂದಿಷ್ಟೇ ಇಷ್ಟು ಒಳಮುಖವಾಗಿ ಓರೆ ಮಾಡಿರುತ್ತಿದ್ದರಂತೆ. ಹಾಗಾಗಿ ಎರಡು ಕಂಬಿಗಳೂ ನೆಟ್ಟಗೆ ನಿಲ್ಲದೆ, ಗುಟ್ಟು ಹೇಳಿಕೊಳ್ಳುವವರ ಹಾಗೆ ಒಂದರ ಕಡೆಗೊಂದು ಚೂರು ವಾಲಿರುತ್ತವೆ. ನಾನು ಎಷ್ಟು ಸಲ ಬಗ್ಗಿ ನೋಡಿದರೂ ಅದು ನನ್ನ ಕಣ್ಣಿಗೆ ಕಾಣಿಸಲಿಲ್ಲ.

ರೈಲು ಓಡಾಡಿದ ಅದುರಿಗೆ ಬೆಣೆ ಸಡಿಲವಾಗುತ್ತದೆ. ಸಡಿಲವಾದದ್ದನ್ನು ಹುಡುಕಿ ಬಡಿದು ಬಿಗಿ ಮಾಡಬೇಕು. ಹುಡುಕುವುದು ಕಣ್ಣಿನಿಂದಲ್ಲ, ಕಿವಿಯಿಂದ. ಸುತ್ತಿಗೆಯಲ್ಲಿ ತಟ್ಟಿದರೆ ಬಿಗಿಯಾದ ಬೆಣೆ ಟಣ್ ಎನ್ನುತ್ತದೆ, ಸಡಿಲವಾದದ್ದು ಗೊಗ್ಗರಾಗಿ ಟಪ್ ಎನ್ನುತ್ತದೆ. ಎತ್ತಿದ ನಾಲಗೆ ಬುಡದಲ್ಲಿ ಸೀಳು ಬಿಟ್ಟಿದ್ದರೂ ಸದ್ದು ಒಡಕಾಗಿ ಬರುತ್ತದೆ. ಸಂತೆಯಲ್ಲಿ ನಾವು ಮಡಕೆಯನ್ನು ಬೆರಳಲ್ಲಿ ತಟ್ಟಿ ಕೊಳ್ಳುತ್ತಿದ್ದೆವಲ್ಲ, ಅದೇ ವಿದ್ಯೆ.

ನಿಮ್ಮ ಅಪ್ಪ ಹುಟ್ಟಿದ್ದು ನನ್ನ ತವರಿನಲ್ಲಿ. ಬಾಣಂತನ ಮುಗಿಸಿ ಕೂಸನ್ನು ಎತ್ತಿಕೊಂಡು ಮದ್ದೂರಿಗೆ ಮರಳಿದಾಗ ಚಳಿ ಶುರುವಾಗಿತ್ತು. ನಿಮ್ಮ ಅಪ್ಪ ಮಹಾ ಅಳುಬುರುಕ. ಬಸ್ಸಿನಲ್ಲಿದ್ದವರೆಲ್ಲ ನನ್ನನ್ನು ತಿರುಗಿ ತಿರುಗಿ ನೋಡಿ, ನಾನು ಸೆರಗಿನಲ್ಲಿ ಮುಖ ಮುಚ್ಚಿಕೊಳ್ಳುವ ಹಾಗಾಗಿತ್ತು. ಆದರೆ ನಿಮ್ಮ ತಾತ ಮಾತ್ರ ಎರಡನೇ ದಿನವೇ ಪಕ್ಕದ ಮನೆಯವರ ಮುಂದೆ ಹೊಗಳಿಕೊಂಡರು.

"ಏನ್ ಮಗ ಅಂತೀಯೆ! ಅಳಾಕೇ ಇಲ್ಲ ಕಣ್ಲಾ. ನಮ್ಮವ್ವನ್ ತಾವ ಕಲ್ತಿರ್ಬೇಕು ತಾಳ್ಮೆಯ."

ತಮಾಷೆ ಎಂದುಕೊಂಡೆ. ಆಮೇಲೆ ನೋಡಿದರೆ ನಾನು ಊಟಕ್ಕೆ ಕರೆದರೆ ಬರುವುದಿಲ್ಲ, ಎಮ್ಮೆ ಹಗ್ಗ ಕಿತ್ತುಕೊಂಡು ಕೂಗಿದರೆ ತಿರುಗುವುದಿಲ್ಲ. ಕೆಲಸ ಮುಗಿಸಿ ಬರುವುದೂ ದಿನದಿನಕ್ಕೆ ತಡವಾಗತೊಡಗಿತು. ಒಂದು ದಿನ ಹುಲ್ಲು ಕೊಯ್ಯಲು ಹೋದವಳು ದೂರದಿಂದ ನೋಡಿದೆ. ಅವರು ಒಂದೊಂದು ಬೆಣೆಯ ಮುಂದೆಯೂ ಕುಕ್ಕರಗಾಲಲ್ಲಿ ಕೂತು, ಒಂದು ಕೈಯಲ್ಲಿ ತಟ್ಟಿ ಇನ್ನೊಂದು ಕೈಯಿಂದ ಬೆಣೆಯ ಅದುರು ಮುಟ್ಟಿ ನೋಡುತ್ತಿದ್ದರು.

ಅವತ್ತು ಸಂಜೆ ಹಿತ್ತಲಲ್ಲಿ ಅವರ ಕಿವಿಯ ಹತ್ತಿರ ಬಾಯಿಟ್ಟು, ಕಿವಿ ಕೇಳಿಸುತ್ತಿಲ್ಲವೇ ಎಂದು ಕೇಳಿದೆ. ಸುತ್ತಿಗೆಯನ್ನು ಗೋಡೆಗೆ ಒರಗಿಸಿ ಹೇಳಿದರು.

"ನಮ್ಮಪ್ಪಂಗೂ ಇಂಗೇ ಆಗಿದ್ದು. ಒಂದ್ಸಲ ಓದ್ರೆ ಬರಾಕಿಲ್ಲ ಅದು. ಸಂಕ್ರಾಂತಿ ಕಳೀಲಿ, ಮೈಸೂರ್ನಲ್ಲಿ ಕಣ್ಣು ಕಿವಿ ಎಲ್ಲಾನೂವೆ ಪರೀಕ್ಸೆ ಮಾಡ್ತಾರೆ. ಅಲ್ಲಿಗೆ ಮುಗೀತು. ಕೆಲ್ಸಾನೂ ಓಯ್ತದೆ, ಈ ಮನೇನೂ ಓಯ್ತದೆ."

"ಪರೀಕ್ಷೆ ಇರ್ಲಿ, ಅಷ್ಟರೊಳಗೆ ಒಂದು ಬೆಣೆ ಬಿದ್ದೋದ್ರೆ?" ಎಂದು ನಾನು ಕೇಳಲಿಲ್ಲ. ಅದೇ ಭಯ ಅವರ ಮುಖದ ಮೇಲೂ ಇತ್ತು. ಗಾಡಿಯಲ್ಲಿ ಜನ ಇರುತ್ತಾರಲ್ಲ.

ಮಾತಿನಲ್ಲಿ ನಾನು ಹಿಂದೆ. ಆದರೆ ನನ್ನ ಕಿವಿ ಚೆನ್ನಾಗಿತ್ತು. ಮಾರನೆಯ ದಿನದಿಂದ ಕೂಸನ್ನು ನಮ್ಮ ಜೊತೆಯಲ್ಲೇ ಇದ್ದ ಅತ್ತೆಯ ಕೈಗೆ ಕೊಟ್ಟು, ಕುಡುಗೋಲು ಹಿಡಿದುಕೊಂಡು ಅವರ ಹಿಂದೆಯೇ ಹೊರಟೆ. ಕಂಬಿಯ ಪಕ್ಕದ ಇಳಿಜಾರಿನಲ್ಲಿ ಹುಲ್ಲು ಕೊಯ್ಯುವವಳ ಹಾಗೆ ಬಗ್ಗಿರುವುದು. ಅವರು ತಟ್ಟಿಕೊಂಡು ಹೋಗುತ್ತಿದ್ದರು. ಸದ್ದು ಸರಿಯಿದ್ದರೆ ನಾನು ಬಗ್ಗಿಯೇ ಇರುತ್ತಿದ್ದೆ. ಗೊಗ್ಗರು ಸದ್ದು ಬಂದರೆ ಸೊಂಟ ಹಿಡಿದುಕೊಂಡವಳಂತೆ ನೆಟ್ಟಗೆ ನಿಲ್ಲುತ್ತಿದ್ದೆ. ಓರೆಗಣ್ಣಲ್ಲಿ ನೋಡಿ ಅವರು ಆ ಬೆಣೆಯನ್ನು ಬಡಿದು ಕೂರಿಸುತ್ತಿದ್ದರು. ನಾನು ಮತ್ತೆ ಬಗ್ಗಿದರೆ ಕೆಲಸ ಆಯಿತೆಂದು ಅರ್ಥ. ಶಿಂಷಾ ಸೇತುವೆ ಬಂದಾಗ ಮಾತ್ರ ನನಗೆ ಬಿಡುವು. ಅಲ್ಲಿದ್ದದ್ದು ಮರದ ಸ್ಲೀಪರು, ಅದಕ್ಕೆ ಬೆಣೆಯೂ ಇಲ್ಲ, ಸದ್ದೂ ಇಲ್ಲ.

ನಲ್ಲಿಯ ಹತ್ತಿರ ಹೆಂಗಸರು ನನ್ನನ್ನು ಬಿಡಲಿಲ್ಲ.

"ಅಲ್ಲ ಕಣಮ್ಮಿ, ಎಲ್ರೂ ಗಂಡನ್ನ ಸೆರಗಿಗೆ ಕಟ್ಕಂಡ್ರೆ ನೀನು ಕಂಬಿಗೇ ಕಟ್ಕಂಡಿದ್ದೀಯಲ್ಲ!"

"ಬುಡೇ, ಬಾಣಂತನ ಮುಗ್ಸಿ ಈಗ ಬಂದವ್ಳೆ. ಒಸಿ ದಿಸ ಇಂದಿಂದೆ ಸುತ್ಕಳ್ಲಿ."

ನಾಚಿಕೆಯಿಂದ ಬಿಂದಿಗೆ ಅರ್ಧ ತುಂಬುವ ಮೊದಲೇ ಎತ್ತಿಕೊಂಡು ಬಂದುಬಿಡುತ್ತಿದ್ದೆ. ಅವರೆಲ್ಲ ಹಾಗೆಂದುಕೊಂಡರೆ ಒಳ್ಳೆಯದೇ ಎಂದೂ ಅನ್ನಿಸುತ್ತಿತ್ತು.

ಹೀಗೆ ನಡೆಯುತ್ತಿರುವಾಗ ಒಂದು ಬೆಳಗ್ಗೆ, ತಿರುವಿನ ಹತ್ತಿರ, ಅವರು ಕಂಬಿಯ ನಡುವೆ ಬಗ್ಗಿಕೊಂಡು ಒಂದು ಹಟಮಾರಿ ಬೆಣೆಯನ್ನು ಬಡಿಯುತ್ತಿದ್ದರು. ಆ ಹೊತ್ತಿಗೆ ಯಾವ ಗಾಡಿಯೂ ಇರಲಿಲ್ಲ. ಆದರೆ ಮಂಡ್ಯದ ಕಡೆಯಿಂದ ಬರೀ ಇಂಜಿನ್ನೊಂದು ಬೋಗಿಗಳಿಲ್ಲದೆ ಬರುತ್ತಿತ್ತು. ಅದು ಕೂಗಿತು. ಅವರು ಏಳಲಿಲ್ಲ. ಕೂಗು ಕೇಳಿಸಿತ್ತಂತೆ, ಆದರೆ ಎಲ್ಲೋ ದೂರದ ಸ್ಟೇಷನ್ನಿನಲ್ಲಿ ಎಂದುಕೊಂಡರಂತೆ. ಆಮೇಲೆ ಹೇಳಿದ್ದು.

ನಾನು ಕಿರುಚಿದೆ. ಗಂಡನ ಹೆಸರು ಹಿಡಿದು ಕರೆದವಳಲ್ಲ ನಾನು. ಅವತ್ತು ಹೆಸರೂ ಬಾಯಿಂದ ಬಂತು. ಅದೂ ಅವರಿಗೆ ಮುಟ್ಟಲಿಲ್ಲ. ಇಂಜಿನ್ನು ತಿರುವಿನಲ್ಲಿ ಕಾಣಿಸಿತು. ಕಾಲ ಬುಡದ ಜಲ್ಲಿಕಲ್ಲೊಂದನ್ನು ತೆಗೆದು ಬೀಸಿದೆ. ಕುರಿ ಕಾಯ್ದ ಕೈ, ಗುರಿ ತಪ್ಪಲಿಲ್ಲ. ಹೆಗಲಿಗೆ ಸರಿಯಾಗಿ ಬಿತ್ತು. ಕೆಂಡದಂಥ ಮುಖ ಮಾಡಿಕೊಂಡು ನನ್ನ ಕಡೆ ತಿರುಗಿದವರು, ಇಂಜಿನ್ನು ಕಂಡು ಈಚೆ ನೆಗೆದರು. ಇಂಜಿನ್ನು ಹಾದುಹೋಯಿತು.

ಅಷ್ಟು ದೂರದಲ್ಲಿ ಮೋರಿಯ ಕಟ್ಟೆಯ ಮೇಲೆ ಕಂಬಿ ರಿಪೇರಿ ಗ್ಯಾಂಗಿನ ಮೇಸ್ತ್ರಿ, ನಿಮ್ಮ ತಾತನ ಮೇಲಿನವರು, ಬೀಡಿ ಸೇದುತ್ತಾ ಕೂತಿದ್ದದ್ದನ್ನು ನಾವಿಬ್ಬರೂ ನೋಡಿರಲಿಲ್ಲ. ವಯಸ್ಸಾದವರು, ನಾನು ಅಣ್ಣಯ್ಯ ಎನ್ನುತ್ತಿದ್ದೆ. ಓಡಿ ಬಂದು ಮೊದಲು ನನ್ನ ಮೇಲೆ ರೇಗಿದರು.

"ಏನಮ್ಮಿ, ಜಗಳ ಇದ್ರೆ ಮನೇಲಾಡ್ಕಳಿ! ಗಂಡಂಗೆ ಕಲ್ಲಲ್ಲಿ ಒಡೀತೀಯಲ್ಲ!"

ಆಮೇಲೆ ಅವರಿಗೇನೋ ಹೊಳೆಯಿತು. ನಿಮ್ಮ ತಾತ ಹೆಗಲು ಉಜ್ಜಿಕೊಳ್ಳುತ್ತಾ ಆ ಕಡೆ ತಿರುಗಿ ನಿಂತಿದ್ದರು. ಮೇಸ್ತ್ರಿ ಅವರ ಬೆನ್ನ ಹಿಂದೆ ನಿಂತು ಮಾಮೂಲಿ ದನಿಯಲ್ಲಿ, "ನಿನ್ ಎಮ್ಮೆ ಕಳ್ದೋಯ್ತಂತೆ ಕಣ್ಲಾ" ಎಂದರು. ನಿಮ್ಮ ತಾತ ಅಲುಗಲಿಲ್ಲ. "ಯಾವನೋ ಒಡ್ಕಂಡೋದ್ನಂತೆ." ಅದಕ್ಕೂ ಇಲ್ಲ. ಮೇಸ್ತ್ರಿ ನನ್ನ ಕಡೆ ನೋಡಿದರು.

"ಎಷ್ಟು ದಿಸದಿಂದ ಇದು?"

"ಅಣ್ಣಯ್ಯ, ನಾನು ಇಂದ್ಲೇ ಇದ್ದು ಕೇಳ್ತಾವ್ನಿ. ಒಂದು ಬೆಣೆನೂ ಬುಟ್ಟಿಲ್ಲ. ಯಾರ್ಗೂ ಏಳ್ಬ್ಯಾಡಿ" ಎಂದೆ. ಪರ ಗಂಡಸಿನ ಮುಂದೆ ಅಷ್ಟು ಮಾತಾಡಿದ್ದು ಅದೇ ಮೊದಲು.

ಮೇಸ್ತ್ರಿ ನಿಮ್ಮ ತಾತನ ಕೈಯಿಂದ ಸುತ್ತಿಗೆ ತೆಗೆದುಕೊಂಡರು. ಮುಖದ ಮುಂದೆ ಬಂದು ಜೋರಾಗಿ ಹೇಳಿದರು.

"ನಾಳಿಂದ ಈ ಕೆಲ್ಸಕ್ಕೆ ಬ್ಯಾರೆಯೋನು ಓಯ್ತಾನೆ. ನೀನು ಗ್ಯಾಂಗ್‌ನಲ್ಲಿ ಜಲ್ಲಿ ಎತ್ತಾಕು. ಮಂಡ್ಯಕ್ಕೋಗಿ ಕಿವಿ ತೋರ್ಸು. ಡಾಕ್ಟ್ರು ಆಗಾಕಿಲ್ಲ ಅಂದ್ರೆ, ಮೈಸೂರ್‌ ಪರೀಕ್ಸೆಗಂಟ ಕಾಯಾಕಿಲ್ಲ, ನಾನೇ ಇನ್ಸ್‌ಪೆಕ್ಟ್ರಿಗೆ ಏಳ್ಬುಡ್ತೀನಿ. ಬೇಜಾರ್ ಮಾಡ್ಕಬ್ಯಾಡ. ನೀನ್ ಸತ್ರೆ ಈ ಎಣ್ ಮಗೀಗೆ ಯಾವ್ ಮೊಕ ತೋರ್ಸಾನೆ ನಾನು?"

ಹುಲ್ಲಿನ ಹೊರೆ ಎತ್ತಿಕೊಂಡು ಅವರ ಹಿಂದೆಯೇ ಮನೆಗೆ ನಡೆದೆ. ಸುತ್ತಿಗೆ ಇಲ್ಲದ ಅವರ ಹೆಗಲನ್ನು ನೋಡಲು ನನಗೆ ಆಗಲಿಲ್ಲ.

ಮಂಡ್ಯಕ್ಕೆ ಬಸ್ಸಿನಲ್ಲಿ ಹೋದೆವು. ಅತ್ತೆಯೂ ಕೂಸನ್ನು ಸೊಂಟದ ಮೇಲಿಟ್ಟುಕೊಂಡು ಬಂದರು. ಡಾಕ್ಟರು ಹಣೆಗೆ ಕನ್ನಡಿ ಕಟ್ಟಿಕೊಂಡು ನಿಮ್ಮ ತಾತನ ಬಲಗಿವಿ ನೋಡಿದರು, ಎಡಗಿವಿ ನೋಡಿದರು, ಮತ್ತೆ ಬಲಗಿವಿ ನೋಡಿದರು. ಆಮೇಲೆ ಅವರು ನಮ್ಮ ಕಡೆ ತಿರುಗಿದರು.

"ಇಲ್ಲಿ ಹತ್ತಿ ಬೆಳೆದಿರೋರು ಯಾರಮ್ಮ?"

ಅತ್ತೆ ಮುಂದೆ ಬಂದರು. "ನಾನೇ ಸಾಮಿ. ಸೀತ ಆಗಿತ್ತು ಅಂತ ಬೆಳ್ಳುಳ್ಳಿ ಎಣ್ಣೇಲಿ ಹತ್ತಿ ಅದ್ದಿ ಮಲ್ಗೋವಾಗ ಇಕ್ತಿದ್ದೆ. ವತ್ತಾರೆ ತಗ್ದಾಕ್ತಿದ್ದೆ ಕಣ್ ಸಾಮಿ, ಸುಳ್ಳೇಳಾಕಿಲ್ಲ."

"ತೆಗೆದದ್ದಕ್ಕಿಂತ ಇಟ್ಟದ್ದೇ ಜಾಸ್ತಿ ಇದೆಯಲ್ಲಮ್ಮ. ಎರಡು ಕಿವೀನೂ ಗೋಣಿಚೀಲ ತುಂಬಿದ ಹಾಗೆ ತುಂಬಿದೀರಿ."

ಮೊದಲು ನನಗೆ ಅರ್ಥವಾಗಲಿಲ್ಲ. ನಾನು ತವರಿನಲ್ಲಿದ್ದಾಗ ನಿಮ್ಮ ತಾತನಿಗೆ ನೆಗಡಿಯಾಗಿ ಕಿವಿ ಕಟ್ಟಿತ್ತು. ಅತ್ತೆ ಎಣ್ಣೆ ಹತ್ತಿ ಇಟ್ಟರು. ಒಂದು ಚೂರು ಒಳಗೇ ಉಳಿಯಿತು. ಮಾರನೆಯ ದಿನ ಇನ್ನೊಂದನ್ನು ಇಟ್ಟಾಗ ಅದು ಒಳಕ್ಕೆ ಹೋಯಿತು. ಕೇಳಿಸುವುದು ಕಡಿಮೆಯಾದಷ್ಟೂ ಅತ್ತೆ ಎಣ್ಣೆ ಜಾಸ್ತಿ ಮಾಡಿದರು. ನಾನು ಬಂದ ಮೇಲೂ ಆ ಮದ್ದು ನಡೆದೇ ಇತ್ತು. ಅದರಿಂದಲೇ ವಾಸಿಯಾಗಬಹುದೆಂದು ನಾನೇ ಎಷ್ಟೋ ಸಲ ಎಣ್ಣೆ ಕಾಯಿಸಿಕೊಟ್ಟಿದ್ದೆ.

ಡಾಕ್ಟರು ಚಿಮಟದಲ್ಲಿ ಎಳೆದರು, ಬೆಚ್ಚಗಿನ ನೀರು ಹೊಡೆದರು. ಬಟ್ಟಲಿಗೆ ಬಿದ್ದದ್ದನ್ನು ವರ್ಣಿಸುವುದು ಬೇಡ. ಎರಡನೇ ಕಿವಿ ಬಿಡುಗಡೆಯಾಗುವ ಹೊತ್ತಿಗೆ ಸರಿಯಾಗಿ ನಿಮ್ಮ ಅಪ್ಪ ಶುರುಮಾಡಿದ. ನಿಮ್ಮ ತಾತ ಕುರ್ಚಿಯಿಂದ ಬೆಚ್ಚಿ ಎದ್ದರು.

"ಯಾರ್ ಮಗಾನವ್ವ ಇದು, ಇಂಗ್ ಅರಚ್ಕತಾ ಅದೆ?"

"ನಿಂದೇ ಕಣ್ಲಾ!" ಎಂದರು ಅತ್ತೆ. "ಬಂದಾಗಿಂದ್ಲೂ ಇಂಗೇ ಅರಚ್ತಾವ್ನೆ. ನೀನು ತಾಳ್ಮೆ ತಾಳ್ಮೆ ಅಂತ ಊರ್ಗೆಲ್ಲ ಸಾರ್ಕಂಡ್ ಬಂದೆ."

ಡಾಕ್ಟರು ನಕ್ಕರು. ನಾನು ಸೆರಗು ಬಾಯಿಗಿಟ್ಟುಕೊಂಡು ನಕ್ಕೆ, ನಗುತ್ತಾ ನಗುತ್ತಾ ಅಳುವೂ ಬಂತು. ಹೊರಗೆ ಬಂದ ಮೇಲೆ ನಿಮ್ಮ ತಾತ ರಸ್ತೆಯ ಪಕ್ಕ ನಿಂತೇಬಿಟ್ಟರು. ಸೈಕಲ್ಲಿನ ಗಂಟೆ, ಕಬ್ಬಿನ ಗಾಡಿಯ ಎತ್ತಿನ ಗೆಜ್ಜೆ, ಬಸ್ಸಿನ ಹಾರನ್ನು, ಎಲ್ಲವನ್ನೂ ಹೊಸ ಊರಿಗೆ ಬಂದವರಂತೆ ತಿರುಗಿ ತಿರುಗಿ ನೋಡಿದರು. ಬಸ್ಸು ಬಂತೆಂದು ನಾನು ಕರೆದಾಗ ಮುಖ ಕಿವುಚಿದರು.

"ಮೆತ್ತುಗ್ ಮಾತಾಡಮ್ಮಿ. ಏನ್ ಗಂಟ್ಲು ನಿಂದು!"

ನನ್ನ ಗಂಟಲು ದೊಡ್ಡದೆಂದು ನನಗೆ ಯಾರೂ ಹೇಳಿರಲಿಲ್ಲ. ಆಮೇಲೂ ಹೇಳಿಲ್ಲ.

ಮೇಸ್ತ್ರಿ ಅಷ್ಟು ಸುಲಭಕ್ಕೆ ನಂಬಲಿಲ್ಲ. ಮನೆಯ ಹತ್ತಿರ ಬಂದು, ಬೇಲಿಯ ಆಚೆ ನಿಂತು, ಪಿಸುದನಿಯಲ್ಲಿ ನಿಮ್ಮ ತಾತನನ್ನು ಬಾಯಿಗೆ ಬಂದಂತೆ ಬೈದರು. ಒಳಗಿನಿಂದ ಅದಕ್ಕಿಂತ ಕೆಟ್ಟ ಬೈಗುಳದಲ್ಲೇ ಉತ್ತರ ಬಂತು. "ಸರಿ ಓಗ್ಲಾ" ಎಂದು ಸುತ್ತಿಗೆಯನ್ನು ಜಗಲಿಯ ಮೇಲಿಟ್ಟು ಹೋದರು. ಸಂಕ್ರಾಂತಿ ಕಳೆದ ಮೇಲೆ ಮೈಸೂರಿನ ಪರೀಕ್ಷೆಯಲ್ಲೂ ಪಾಸಾದರು. ಆ ಮನೆಯಲ್ಲಿಯೇ ನಿಮ್ಮ ಅಪ್ಪ ನಡೆಯಲು ಕಲಿತ.

ಸುತ್ತಿಗೆ ಮರಳಿ ಬಂದ ಮಾರನೆಯ ಬೆಳಗ್ಗೆ ಅಭ್ಯಾಸಬಲದಿಂದ ನಾನೂ ಕುಡುಗೋಲು ತೆಗೆದುಕೊಂಡು ಹೊಸಿಲು ದಾಟಿದೆ. "ಇವತ್ತು ಬ್ಯಾಡ ಕಣಮ್ಮಿ" ಎಂದು ಅವರು ಹೊರಟರು. ಟಣ್, ಟಣ್, ಟಣ್ ಎಂದು ಮೂರು ನಾಲ್ಕು ಕೇಳಿತು. ಆಮೇಲೆ ಒಂದು ಟಪ್. ನಾನು ನೆಟ್ಟಗೆ ನಿಂತೆ. ಅವರು ನನ್ನ ಕಡೆ ನೋಡಲೇ ಇಲ್ಲ; ತಾವೇ ನಿಂತರು, ಬಡಿದರು, ಮುಂದೆ ಹೋದರು.

ಎಮ್ಮೆಗೆ ಹುಲ್ಲಂತೂ ಬೇಕಿತ್ತು. ಕಂಬಿಯ ಪಕ್ಕದ ಹುಲ್ಲು ಬರೀ ಒರಟು, ಇಂಜಿನ್ನಿನ ಮಸಿ ಬೇರೆ. ನಾಲೆಯ ಏರಿಯ ಮೇಲೆ ಎಳೆ ಗರಿಕೆ ಬೆಳೆದಿರುತ್ತದೆಂದು ಗೊತ್ತಿದ್ದರೂ ಅಷ್ಟು ದಿನ ಆ ಕಡೆ ಹೋಗಲು ಆಗಿರಲಿಲ್ಲ. ಅವತ್ತು ಹೋದೆ. ಅಲ್ಲಿಗೆ ಸುತ್ತಿಗೆಯ ಸದ್ದು ಕೇಳಿಸುವುದಿಲ್ಲ. ನಾಲೆಯ ನೀರಿನಲ್ಲಿ ಕಾಲು ಇಳಿಬಿಟ್ಟುಕೊಂಡು ಸ್ವಲ್ಪ ಹೊತ್ತು ಸುಮ್ಮನೆ ಕೂತಿದ್ದೆ. ಆಮೇಲೆ ಹೊರೆ ತುಂಬ ಹುಲ್ಲು ಕೊಯ್ದುಕೊಂಡು ಮನೆಗೆ ಬಂದೆ.