ಗರಗಸ ಬಿಟ್ಟು ಬಂದವನು

ಇಂಥ ಕಥೆಗಳನ್ನು ಯಾರಾದರೂ ಶುರುಮಾಡಿದರೆ ಕಾಫಿ ಮಾಡುವ ನೆಪದಲ್ಲಿ ಎದ್ದುಹೋಗುವವಳು ನಾನು. ಮೈಸೂರಿನ ಕಾನ್ವೆಂಟಿನಲ್ಲಿ ನಮಗೆ ಸೈನ್ಸ್ ಕಲಿಸುತ್ತಿದ್ದ ಸಿಸ್ಟರ್ ಒಬ್ಬರಿದ್ದರು. ಹಾಸ್ಟೆಲ್ಲಿನ ಯಾವುದಾದರೂ ಹುಡುಗಿ ದೆವ್ವ ಕಂಡೆನೆಂದು ಅತ್ತರೆ ಮೊದಲು ಅವಳಿಗೆ ಅಜೀರ್ಣದ ಮಿಕ್ಸ್ಚರ್ ಕುಡಿಸುತ್ತಿದ್ದರು, ಪ್ರೇಯರ್ ಏನಿದ್ದರೂ ಆಮೇಲೆ. ಆ ಕ್ರಮವೇ ಸರಿ ಎಂದು ಬಹಳ ವರ್ಷ ನಂಬಿದ್ದೆ. ಈಗಲೂ ನಂಬಿಕೊಂಡಿರಬೇಕೆಂದು ಆಸೆ. ಆದರೆ ವಿಜಯವಾಡದ ಒಂದು ಆಸ್ಪತ್ರೆಯಲ್ಲಿ ದೀಪ ಹಚ್ಚುವ ಹೊತ್ತಿಗೆ ನಾನು ಕಂಡದ್ದಕ್ಕೆ ಯಾವ ಮಿಕ್ಸ್ಚರೂ ಇದುವರೆಗೆ ಕೆಲಸ ಮಾಡಿಲ್ಲ. ಇದ್ದದ್ದನ್ನು ಇದ್ದ ಹಾಗೆ ಹೇಳುತ್ತೇನೆ. ನಂಬಿ ಎಂದು ಒತ್ತಾಯವಿಲ್ಲ.

ನಮ್ಮ ಯಜಮಾನರು ಸಿವಿಲ್ ಎಂಜಿನಿಯರ್. ಎಂಬತ್ತರ ದಶಕದ ಬಹುಭಾಗ ವಿಶಾಖಪಟ್ಟಣದ ದ್ವಾರಕಾ ನಗರದಲ್ಲಿದ್ದೆವು. ಆಮೇಲೆ ಮಕ್ಕಳ ಸ್ಕೂಲಿಗೆಂದು ವಿಜಯವಾಡದ ಪಟಮಟದಲ್ಲಿ ಮನೆ ಮಾಡಿದೆವು. ಅವರು ಮಾತ್ರ ಕೆಲಸವಿದ್ದ ಊರಲ್ಲಿ. ನಾನು ಹೇಳುವ ವರ್ಷ ಅವರು ಮತ್ತೆ ವಿಶಾಖಪಟ್ಟಣಕ್ಕೆ ಹೋಗಿ, ಒಂದು ದೊಡ್ಡ ಗೋಡೌನಿಗೆ ಕಾಂಕ್ರೀಟ್ ನೆಲ ಹಾಕಿಸುತ್ತಿದ್ದರು.

ಕಾಂಕ್ರೀಟಿನ ಸ್ವಭಾವ ನಿಮಗೆ ಗೊತ್ತಿರಲಿಕ್ಕಿಲ್ಲ. ನನಗೂ ಬೇಕಿರಲಿಲ್ಲ, ಯಜಮಾನರು ಊಟದ ಟೇಬಲ್ಲಿನಲ್ಲಿ ಸಾರಿನ ಜೊತೆ ಬಡಿಸಿದ್ದು. ಹೊಸ ನೆಲ ಗಟ್ಟಿಯಾಗುತ್ತಾ ಕುಗ್ಗುತ್ತದೆ, ಕುಗ್ಗಿದರೆ ಬಿರುಕು ಬಿಡುತ್ತದೆ. ಬಿಡಬೇಡ ಎಂದರೆ ಕೇಳುವುದಿಲ್ಲ. ಇಂಥಲ್ಲಿ ಬಿಡು ಎಂದು ಹೇಳಬಹುದು, ಅಷ್ಟೇ. ಅದಕ್ಕೇ ಬಣ್ಣದ ಪುಡಿ ಹಚ್ಚಿದ ದಾರವನ್ನು ನೆಲದ ಮೇಲೆ ಮಿಡಿದು ಗೆರೆ ಮಾಡುತ್ತಾರೆ. ಆ ಗೆರೆಯ ಮೇಲೆ ಗರಗಸದ ಮೆಷಿನ್ನನ್ನು ನೀರು ಬಿಟ್ಟುಕೊಂಡು ತಳ್ಳುತ್ತಾ ಸ್ವಲ್ಪ ಆಳಕ್ಕೆ ಸೀಳುತ್ತಾರೆ. ಕಂಟ್ರೋಲ್ ಜಾಯಿಂಟ್ ಎಂದು ಅದರ ಹೆಸರು. ಬಿರುಕು ಆ ಸೀಳಿನೊಳಗೇ ಬಂದು ಯಾರಿಗೂ ಕಾಣದೆ ಇದ್ದುಬಿಡುತ್ತದೆ. ಅವಸರಪಟ್ಟು ಕುಯ್ದರೆ ಅಂಚು ಉದುರುತ್ತದೆ. ತಡಮಾಡಿದರೆ ನೆಲ ತನಗೆ ತೋಚಿದ ಕಡೆ ಒಡೆದುಕೊಳ್ಳುತ್ತದೆ. ವಿಶಾಖಪಟ್ಟಣದ ಬಿಸಿಲಿನಲ್ಲಿ ಬೆಳಗ್ಗೆ ಹಾಕಿದ್ದನ್ನು ಅದೇ ಸಂಜೆಯೊಳಗೆ ಕುಯ್ದು ಮುಗಿಸಬೇಕು.

ಹಾಗೆ ಕುಯ್ಯುವವನು ಅಪ್ಪಲಸ್ವಾಮಿ. ಸಿಂಹಾಚಲದ ಬೆಟ್ಟದ ಕೆಳಗಿನ ಹಳ್ಳಿಯವನು, ನಮ್ಮವರ ಹಳೆಯ ಆಳು. ಗರಗಸದ ಸದ್ದಿಗೆ ಕಿವಿ ಕೆಟ್ಟು ಹೋಗಿತ್ತು. ನಾವು ಕೂಗಬೇಕು, ಅವನೂ ಕೂಗಿಯೇ ಉತ್ತರ ಕೊಡಬೇಕು. ಅವನು ಬಂದರೆ ಬೀದಿಗೆಲ್ಲ ಗೊತ್ತಾಗುತ್ತಿತ್ತು. ಅವನಿಗೆ ಒಬ್ಬಳೇ ಮಗಳು, ಪೈಡಮ್ಮ. ನಾವೆಲ್ಲ ಪೈಡಿ ಎನ್ನುತ್ತಿದ್ದೆವು. ಅವಳನ್ನು ಹೆತ್ತು ತಾಯಿ ಹೆರಿಗೆಯಲ್ಲೇ ತೀರಿಕೊಂಡಳು. ಲಾರಿ ಓಡಿಸುವ ಗಂಡನ ಜೊತೆ ಪೈಡಿ ವಿಜಯವಾಡಕ್ಕೆ ಬಂದಾಗ, ನಮ್ಮ ಮನೆಯ ಹಿಂದಿನ ಕೋಣೆಯನ್ನು ಅವರಿಗೆ ಬಿಟ್ಟುಕೊಟ್ಟಿದ್ದೆ. ಬಸುರಿಯಾದ ದಿನದಿಂದ ಅವಳಿಗೆ ಒಂದೇ ಹೆದರಿಕೆ. "ಅಮ್ಮನಿಗೆ ಆದದ್ದೇ ನನಗೂ ಆಗುತ್ತೆ ಅಮ್ಮಗಾರು," ಎನ್ನುವಳು. ನಾನ್‌ಸೆನ್ಸ್ ಎಂದು ಬೈಯುತ್ತಿದ್ದೆ. ಒಳಗೊಳಗೆ ನನಗೂ ದಿಗಿಲು.

ದಿನ ತುಂಬುವ ಮೊದಲೇ ಒಂದು ಮಧ್ಯಾಹ್ನ ಅವಳ ಕೈಕಾಲು ಊದಿ, ಕಣ್ಣು ಮಂಜಾಯಿತು. ಗಂಡ ಲಾರಿಯೊಡನೆ ನಾಗಪುರದ ದಾರಿಯಲ್ಲಿದ್ದ. ನಾನೇ ರಿಕ್ಷಾದಲ್ಲಿ ಹಾಕಿಕೊಂಡು ಆಸ್ಪತ್ರೆಗೆ ಕರೆದೊಯ್ದೆ. ಲೇಡಿ ಡಾಕ್ಟರ್ ನೋಡಿ, ಬಿಪಿ ವಿಪರೀತ ಏರಿದೆ, ಫಿಟ್ಸ್ ಬಂದರೆ ತಾಯಿ ಮಗು ಇಬ್ಬರೂ ಕೈಬಿಟ್ಟು ಹೋಗುತ್ತಾರೆ, ಆಪರೇಷನ್ ಮಾಡಬೇಕು ಎಂದರು. ಆಪರೇಷನ್ ಎಂದದ್ದೇ ಪೈಡಿ ಮಂಚದ ಕಂಬಿ ಹಿಡಿದುಬಿಟ್ಟಳು. "ನಾನ್ನನ್ನು ನೋಡದೆ ಒಳಗೆ ಹೋಗಲ್ಲ, ಹೋದರೆ ತಿರುಗಿ ಬರಲ್ಲ." ನಾನ್ನ ಎಂದರೆ ಅಪ್ಪ. ಬಿಡಿಸಲು ಹೋದಷ್ಟೂ ಕಿರುಚಾಟ. ಕಿರುಚಿದಷ್ಟೂ ಬಿಪಿ ಏರುತ್ತಿತ್ತು.

"ಏಯ್ ಪಿಲ್ಲಾ, ಮಗು ಹುಟ್ಟುತ್ತಿರೋದು ನಿನಗಾ, ನಿಮ್ಮಪ್ಪನಿಗಾ?" ಎಂದು ನರ್ಸ್ ಗದರಿಸಿದಳು. ಪೈಡಿಯ ಬೆರಳು ಸಡಿಲವಾಗಲಿಲ್ಲ.

ನಾನು ಎದುರಿನ ಎಸ್‌ಟಿಡಿ ಬೂತಿಗೆ ಓಡಿ ಸೈಟ್ ಆಫೀಸಿಗೆ ಫೋನ್ ಮಾಡಿದೆ. ಯಜಮಾನರೇ ಎತ್ತಿಕೊಂಡರು.

"ಅಪ್ಪಲಸ್ವಾಮೀನ ಈಗಿಂದೀಗಲೇ ಕಳಿಸಿ."

"ಈಗ ಹೇಗೆ ಕಳಿಸ್ಲೇ? ಈಗಷ್ಟೇ ಬ್ಲೇಡ್ ಇಳಿಸಿದಾನೆ. ಆ ಕಡೆ ಅರ್ಧ ನೆಲ ಆಗಲೇ ಬಿರುಕು ಬಿಟ್ಟಿದೆ. ಇದೂ ಹೋದ್ರೆ ನನ್ನನ್ನೇ ಮನೆಗೆ ಕಳಿಸ್ತಾರೆ ಅಷ್ಟೇ."

"ಬೇರೆ ಯಾರಾದ್ರೂ ತಳ್ಳಲಿ."

"ಅದೇನು ತರಕಾರಿ ಗಾಡೀನಾ?"

"ನಿಮ್ಮ ನೆಲಾನ ಇನ್ನೊಂದು ಸಲ ಹಾಕ್ಬಹುದು ಕಣ್ರೀ. ಈ ಹುಡುಗೀನ?"

ಗರಗಸದ ಕೀರಲು ಸದ್ದು ತಂತಿಯಲ್ಲಿ ಬರುತ್ತಿತ್ತು. "ಅವನಿಗೆ ಹೇಳ್ತೀನಿ. ಮುಗಿದ ತಕ್ಷಣ ರೈಲು ಹತ್ತಿಸ್ತೀನಿ," ಎಂದರು ಕೊನೆಗೆ. ಹತ್ತಿಸಿದರೂ ಒಂದು ರಾತ್ರಿಯ ಪ್ರಯಾಣ. ಅಷ್ಟು ಹೊತ್ತು ಪೈಡಿಗೆ ಇರಲಿಲ್ಲ.

ವಾಪಸು ಬಂದು ಅವಳ ಪಕ್ಕ ಕುಳಿತೆ. ಅಪ್ಪ ಹೊರಟಿದ್ದಾನೆ ಎಂದು ಸುಳ್ಳು ಹೇಳಿದೆ. ಅವಳು ನಂಬಲಿಲ್ಲ. ಇನ್ನು ಕಾಯಲಾಗದು, ಕೈಕಾಲು ಹಿಡಿದಾದರೂ ಒಯ್ಯುತ್ತೇವೆ ಎಂದು ಡಾಕ್ಟರ್ ಹೇಳಿ ಹೋದರು. ಆಗಲೇ ವಾರ್ಡಿನ ಟ್ಯೂಬ್‌ಲೈಟುಗಳು ಒಂದೊಂದಾಗಿ ಹತ್ತಿಕೊಂಡವು. ಬಾಗಿಲಲ್ಲಿ ಅಪ್ಪಲಸ್ವಾಮಿ ನಿಂತಿದ್ದ.

ಮಡಚಿದ ಖಾಕಿ ಪ್ಯಾಂಟು, ಮೊಣಕಾಲಿನವರೆಗೆ ಮೆತ್ತಿದ ಬೂದುಬಣ್ಣದ ಸಿಮೆಂಟ್ ನೀರು. ಗರಗಸ ಹಿಡಿದವರೆಲ್ಲ ಹಾಗೇ ಇರುತ್ತಾರೆ, ನನಗೆ ಹೊಸದೇನಲ್ಲ. ಅವನು ನಡೆದು ಬಂದಲ್ಲೆಲ್ಲ ಒದ್ದೆ ಹೆಜ್ಜೆ ಬಿದ್ದವು. "ಈಗಷ್ಟೇ ಒರೆಸಿದ ನೆಲ! ಇದೇನು ಆಸ್ಪತ್ರೆನಾ, ಗೋಡೌನಾ?" ಎಂದು ನರ್ಸ್ ರೇಗಿದಳು. ಇದನ್ನು ಯಾಕೆ ಹೇಳುತ್ತಿದ್ದೇನೆಂದರೆ, ನೋಡಿದವಳು ನಾನೊಬ್ಬಳೇ ಅಲ್ಲ.

"ಬಂದೆಯಾ, ಸದ್ಯ!" ಎಂದೆ. ಅವನು ನನ್ನ ಕಡೆ ಕೈಯೆತ್ತಿ ತಡೆದು, ಮಗಳ ತಲೆಯ ಹತ್ತಿರ ಬಗ್ಗಿದ. ಪೈಡಿ ತುಟಿ ಅಲ್ಲಾಡಿಸಿದಳು. ಪಕ್ಕದಲ್ಲೇ ಇದ್ದ ನನಗೆ ಕೇಳಲಿಲ್ಲ. ಅವನಿಗೆ ಕೇಳಿಸಿತು, ತಲೆಯಾಡಿಸಿದ. "ಭಯಪಡಕು ತಲ್ಲೀ," ಹೆದರಬೇಡ ತಾಯಿ, ಎಂದ. ಆಮೇಲೆ ಅವಳ ಕಿವಿಗೆ ಬಾಯಿಟ್ಟು ಏನೋ ಹೇಳುತ್ತಲೇ ಹೋದ. ಯಾವತ್ತೂ ಕೂಗಿ ಮಾತಾಡುವ ಮನುಷ್ಯ, ಅವತ್ತು ಪಿಸುದನಿ. ನೋಡುನೋಡುತ್ತಿದ್ದಂತೆ ಪೈಡಿಯ ಬೆರಳುಗಳು ಕಂಬಿಯಿಂದ ತಾವಾಗಿಯೇ ಬಿಟ್ಟುಕೊಂಡವು. "ಹೋಗೋಣ," ಎಂದಳು. ಟ್ರಾಲಿ ಬಂತು. ಗಲಾಟೆಯಲ್ಲಿ ನಾನು ಟ್ರಾಲಿಯ ಹಿಂದೆ ಹೋದೆ. ತಿರುಗಿ ಬಂದಾಗ ಅವನಿರಲಿಲ್ಲ. ಟೀ ಕುಡಿಯಲು ಹೋಗಿರಬೇಕು ಎಂದುಕೊಂಡೆ. ವಿಶಾಖಪಟ್ಟಣ ಎಲ್ಲಿ, ವಿಜಯವಾಡ ಎಲ್ಲಿ, ಫೋನಿಟ್ಟು ಎಷ್ಟು ಹೊತ್ತಾಯಿತು, ಯಾವ ಲೆಕ್ಕವೂ ಆ ಗಾಬರಿಯಲ್ಲಿ ತಲೆಗೆ ಬರಲಿಲ್ಲ. ಇದು ಸತ್ಯ.

ಹೆಣ್ಣು ಮಗು. ಇಬ್ಬರೂ ಉಳಿದರು. ಮತ್ತೆ ಬೂತಿಗೆ ಓಡಿದೆ.

"ಪೈಡಿ ಗೆದ್ದಳು ಕಣ್ರೀ! ಅವರಪ್ಪ ಸಮಯಕ್ಕೆ ಸರಿಯಾಗಿ ಬಂದ. ಥ್ಯಾಂಕ್ ಗಾಡ್, ಕಳಿಸಿದ್ರಲ್ಲ."

"ಯಾರು ಬಂದದ್ದು?"

"ಅಪ್ಪಲಸ್ವಾಮಿ."

"ಏನೇ ನೀನು, ಬೆಳಗ್ಗೆಯಿಂದ ಏನಾದ್ರೂ ತಿಂದಿದೀಯ ಇಲ್ವ? ಅವನು ಇಲ್ಲೇ ಇದಾನೆ. ಕೊನೇ ಗೆರೆ. ಬೇಕಾದ್ರೆ ಕೇಳು," ಎಂದು ರಿಸೀವರನ್ನು ಕಿಟಕಿಯ ಕಡೆಗೆ ಹಿಡಿದರು. ಗರಗಸ ಕಿರುಚುತ್ತಿತ್ತು. ಬೂತಿನ ಸ್ಟೂಲಿನ ಮೇಲೆ ಹಾಗೇ ಕುಳಿತೆ.

ಮಾರನೆಯ ಬೆಳಗ್ಗೆ ವಾರ್ಡಿನ ಆಯಾ ನೆಲದ ಮೇಲೆ ಕುಕ್ಕರಗಾಲಲ್ಲಿ ಕುಳಿತು, ಹಳೆಯ ಚಾಕುವಿನಿಂದ ಏನನ್ನೋ ಕೆರೆಯುತ್ತಿದ್ದಳು. ರಾತ್ರಿ ಬಿದ್ದ ಹೆಜ್ಜೆಗಳು ಸಿಮೆಂಟಾಗಿ ಕಚ್ಚಿಕೊಂಡಿದ್ದವು. "ಯಾವ ಮಹಾನುಭಾವನೋ, ಕಾಲು ತೊಳೆದು ಬರಬಾರದಾ," ಎಂದು ಗೊಣಗುತ್ತಿದ್ದಳು. ಅದೇ ಹೊತ್ತಿಗೆ ಬಾಗಿಲಿಂದ ಅಪ್ಪಲಸ್ವಾಮಿ ಬಂದ. ಒಗೆದ ಪಂಚೆ, ಕೆಂಪೇರಿದ ಕಣ್ಣು, ಕೈಯಲ್ಲಿ ರೈಲಿನ ಚೀಲ.

"ಬದುಕಿದಾಳಾ ಅಮ್ಮಾ?" ಎಂದು ಇಡೀ ವಾರ್ಡಿಗೆ ಕೇಳುವಂತೆ ಕೂಗಿದ.

ಪೈಡಿ ಮಂಚದ ಮೇಲಿಂದ ನಕ್ಕಳು. "ರಾತ್ರಿ ನೋಡಿ ಹೋದೆಯಲ್ಲ ನಾನ್ನಾ, ಮತ್ತೇನು ಹೊಸದಾಗಿ ಕೇಳ್ತೀಯ?"

ಅವನು ನನ್ನ ಮುಖ ನೋಡಿದ. ನಾನು ಆಯಾ ಕೆರೆಯುತ್ತಿದ್ದ ನೆಲ ನೋಡಿದೆ. ಅವನೂ ನೋಡಿದ. ತನ್ನ ಪಾದವನ್ನು ಒಂದು ಹೆಜ್ಜೆಯ ಪಕ್ಕಕ್ಕೆ ತಂದು, ಅದರ ಮೇಲೆ ಇಡದೆ ಹಿಂದಕ್ಕೆ ತೆಗೆದುಕೊಂಡ.

ಯಜಮಾನರು ಈ ಮಾತನ್ನು ಅನೇಕ ವರ್ಷ ನಗೆಚಾಟಿಕೆ ಮಾಡಿ ಹಾರಿಸಿದರು. ರಿಟೈರಾದ ಮೇಲೆ, ನಾನು ಕೇಳದಿದ್ದರೂ ಒಂದು ದಿನ ತಾವಾಗಿಯೇ ಹೇಳಿದರು. ನನ್ನ ಮೊದಲ ಫೋನಿನ ನಂತರ ಅವರು ವಿಷಯ ತಿಳಿಸಿದಾಗ ಅಪ್ಪಲಸ್ವಾಮಿ ನೇರವಾಗಿ ಮೆಷಿನ್ನಿಗೆ ಹಿಂತಿರುಗಿದನಂತೆ. ಕತ್ತಲಾಗುವಾಗ ನೀರು ಕುಡಿ ಬಾ ಎಂದು ಕೂಗಿದರೆ ತಿರುಗಿ ನೋಡಲಿಲ್ಲ. ಕಿವುಡನಲ್ಲವೇ, ಭುಜ ಮುಟ್ಟಿ ಕರೆಯೋಣವೆಂದು ಹತ್ತಿರ ಹೋದರಂತೆ. "ಚಾಚಿದ ಕೈ ಹಿಂದಕ್ಕೆ ತಗೊಂಡೆ ಕಣೇ. ಯಾಕೆ ಅಂತ ಕೇಳ್ಬೇಡ. ಮುಟ್ಟೋಕೆ ಮನಸ್ಸು ಬರ್ಲಿಲ್ಲ. ಗೆರೆ ಮಾತ್ರ ಕೂದಲೆಳೆಯಷ್ಟೂ ಸೊಟ್ಟ ಇರ್ಲಿಲ್ಲ," ಎಂದರು. ಆ ಸಂಜೆ ಅವನು ಕುಯ್ದ ನೆಲ ಗೆರೆ ಬಿಟ್ಟು ಎಲ್ಲೂ ಬಿರುಕು ಬಿಡಲಿಲ್ಲ.

ನಾನು ಹಸಿದಿದ್ದೆ, ಹೆದರಿದ್ದೆ, ಒಪ್ಪಿದೆ. ಯಾರೋ ಬೇರೆ ಕೂಲಿಯವನು ವಾರ್ಡು ತಪ್ಪಿ ಬಂದಿರಬಹುದು ಎಂದೂ ಯೋಚಿಸಿದ್ದೇನೆ. ಹಾಗಾದರೆ ಪೈಡಿಗೆ ತನ್ನ ಅಪ್ಪನ ಗುರುತೇ ತಪ್ಪಿತೇ?

ಮೊಮ್ಮಗಳು ಸ್ಕೂಲಿಗೆ ಹೋಗುವಷ್ಟಾದ ಮೇಲೆ, ಅಪ್ಪಲಸ್ವಾಮಿ ಒಮ್ಮೆ ಪಟಮಟಕ್ಕೆ ಬಂದ. ಮಗಳು ಅಂಗಡಿಗೆ ಹೋಗುವವರೆಗೂ ಕಾದಿದ್ದು, ಅಡುಗೆಮನೆಯ ಬಾಗಿಲಿಗೆ ಬಂದ. ಯಾರಿಗೂ ಕೇಳಬಾರದೆಂದು ಅವನು ತಗ್ಗಿಸಿದ ದನಿಯೂ ಸಾಕಷ್ಟು ಜೋರಾಗಿಯೇ ಇತ್ತು.

"ಅಮ್ಮಗಾರು, ಪೈಡಿ ನನಗೆ, 'ಅವತ್ತು ನೀನು ಹೇಳಿದ ಮಾತಿನಿಂದಲೇ ಬದುಕಿದೆ ನಾನ್ನಾ' ಅಂತಾಳೆ. ಏನು ಹೇಳಿದೆ ಅಂತ ಕೇಳಿದರೆ, ನಿನಗೆ ಗೊತ್ತಿಲ್ವಾ ಅಂತ ನಗ್ತಾಳೆ. ಹೆಚ್ಚಿಗೆ ಕೇಳೋಕೆ ನನಗೆ ಭಯ. ನಾನಲ್ಲ ಅಂತ ಗೊತ್ತಾದರೆ ಅವಳಿಗೆ ಏನಾಗುತ್ತೋ! ನೀವು ಪಕ್ಕದಲ್ಲೇ ಇದ್ದಿರಲ್ಲ. ನಾನು ಏನು ಹೇಳಿದೆ?"

ಮೊದಲ ಎರಡು ಮಾತು ಬಿಟ್ಟರೆ ನನಗೇನೂ ಕೇಳಿಸಿರಲಿಲ್ಲ. ಆ ಎರಡನ್ನು ಹೇಳಿದೆ. ಅವನು ಅಂಗೈಯನ್ನು ಕಿವಿಯ ಹಿಂದೆ ಇಟ್ಟುಕೊಂಡು, ಉಳಿದದ್ದಕ್ಕಾಗಿ ಕಾಯುತ್ತಾ ನಿಂತೇ ಇದ್ದ.